ನಡುಕಟ್ಟು

ಮೊದಲು ಮದ್ದು, ಬಟ್ಟೆ ಆಮೇಲೆ.
ಮೂರು ಗಾಜಿನ ಕುಪ್ಪಿ, ಕಿರುಬೆರಳಿಗಿಂತ ಸಣ್ಣವು,
ಹೆತ್ತವಳ ರಕ್ತ ನಿಲ್ಲಿಸುವಂಥವು.
ಹತ್ತಿಯಲ್ಲಿ ಸುತ್ತಿ, ಬರಿಮೈಗೆ ಒತ್ತಿ
ಎದೆಗೆ ಅಡ್ಡಪಟ್ಟಿ ಬಿಗಿಯುತ್ತಾಳೆ ಯಂಜ್ಮಾ.
ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರವು.
ಮೈ ಹೆಪ್ಪುಗಟ್ಟಿದರೆ?
ಕೇಳಿದ್ದೆ ಒಂದು ಸಲ, ಮದುವೆಯಾದ ವರ್ಷ.
‘ಮೈಯನ್ನು ಉಜ್ಜಬಹುದು’ ಅಂದಿದ್ದಳು.

ಫೋನಿಗೆ ನಮ್ಮ ಗೆರ್‌ನೊಳಗೆ ಒಂದೇ ಒಂದು ಜಾಗದಲ್ಲಿ ಉಸಿರು:
ಬಡಗಣ ಗೋಡೆಯ ಮೊಳೆ.
ಅಲ್ಲಿ ನೇತಾಡುತ್ತಲೇ ಅದು ಕಿರುಚಿತು, ನಡುರಾತ್ರಿ.
ಗೊಂಬೋದೋರ್ಜನ ಸೊಸೆಗೆ ನೋವು ಶುರು.
ನಲವತ್ತು ಕಿಲೋಮೀಟರು, ಹೆಪ್ಪುಗಟ್ಟಿದ ಹೊಳೆಯ ಬೆನ್ನ ಮೇಲೆ.
ಸೊನ್ನೆಯ ಕೆಳಗೆ ಮೂವತ್ತೆಂಟು.

ಒಂಟೆಯುಣ್ಣೆಯ ಬನಿಯನ್ನು.
ಅದರ ಮೇಲೆ ನನ್ನ ಸ್ವೆಟರು, ಮೊಣಕೈ ತೂತಾದದ್ದು.
ಅದರ ಮೇಲೆ ಕುರಿದೊಗಲಿನ ದೇಲ್, ತುಪ್ಪಟ ಒಳಮುಖ.
ಗುಂಡಿಗಳ ನಡುವಿನ ಸಂದು ಗಾಳಿಗೆ ಬಾಯಿಪಾಠ,
ಅದಕ್ಕೇ ಎದೆಗೊಂದು ರಟ್ಟು,
ಬಿಸ್ಕತ್ತಿನ ಪೆಟ್ಟಿಗೆಯದು.
ಮಂಡಿಗೆ ತೋಳದ ಚರ್ಮ.
ಅವಳಪ್ಪ ಹೊಡೆದ ತೋಳ, ಇವಳು ಹುಟ್ಟುವ ಮೊದಲೇ;
ಬದುಕಿದ್ದಾಗ ನಮ್ಮ ಕುರಿ ತಿಂದದ್ದು
ಈಗ ನಮ್ಮವಳ ಮಂಡಿ ಕಾಯುತ್ತಿದೆ.
ಬೂಟು ಎರಡು ಅಳತೆ ದೊಡ್ಡದು.
ಬಿಗಿಯಾದರೆ ಬೆರಳು ಸಾಯುತ್ತವೆ, ಅನ್ನುತ್ತಾಳೆ,
ಬೆಚ್ಚಗಿಡುವುದು ಬಟ್ಟೆಯಲ್ಲ, ಮಾರಾಯ,
ಬಟ್ಟೆಬಟ್ಟೆಯ ನಡುವಿನ ಜಾಗ.

ಬೈಕಿಗೂ ಉಡಿಸಬೇಕು.
ಅಪ್ಪನ ಕಾಲದ ಪ್ಲಾನೆಟಾ, ಮೊಂಡು ಮುದುಕ.
ಬ್ಯಾಟರಿ ಮಲಗುವುದು ನಮ್ಮ ಮಂಚದ ಕೆಳಗೆ,
ಇಂಜಿನ್ನಿಗೆ ಕಂಬಳಿ, ಅದರಡಿ ಬೋಗುಣಿಯಲ್ಲಿ ಸಗಣಿಕೆಂಡ,
ಒಳಗಿನ ಎಣ್ಣೆ ಬೆಲ್ಲದ ಅಚ್ಚಿನಂತೆ ಗಟ್ಟಿ.
ನಾನು ಒದೆಯುತ್ತೇನೆ, ಅದು ಕೆಮ್ಮುತ್ತದೆ,
ಬೈಯುತ್ತೇನೆ, ಕೆಮ್ಮುತ್ತದೆ,
ಹದಿನೇಳನೆಯ ಒದೆತಕ್ಕೆ ಒಪ್ಪುತ್ತದೆ.
ಹ್ಯಾಂಡಲ್ಲಿಗೇ ಹೊಲಿದಿದ್ದೇನೆ ಮೇಕೆದೊಗಲಿನ ಎರಡು ತೋಳು,
ಕೈ ತೂರಿಸಿದರೆ ಬೆರಳಿಗೆ ಮನೆ.

ಕೊನೆಗೆ ನಡುಕಟ್ಟು, ಐದು ಮೀಟರು ಹಸಿರು ರೇಷ್ಮೆ.
ಒಂದು ತುದಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇನೆ,
ಇನ್ನೊಂದು ತುದಿಯಿಂದ ಅವಳು
ಸುತ್ತುತ್ತ, ಸುತ್ತುತ್ತ, ನನ್ನತ್ತ ಬರುತ್ತಾಳೆ.
ಇಷ್ಟು ಹತ್ತಿರ ಬರುವುದು ಹೊರಡುವಾಗಲೇ.
ಗಂಟು ನಾನೇ ಹಾಕುತ್ತೇನೆ.
ಕಣ್ಣು ಮಾತ್ರ ಕಾಣುವ ಈ ಮೂಟೆ
ಕಾಲೆತ್ತಲಾರದು; ಎತ್ತಿ ಕೂರಿಸುತ್ತೇನೆ.
ಹೋಗಿಬಾ ಅನ್ನಲು ಬಾಯಿ ತೆರೆದರೆ
ಮಾತಿಗಿಂತ ಮುಂಚೆ ಹೊಗೆ.

ಆಮೇಲೆ ಏನು ಮಾಡಿದೆನೆಂದು ಕೇಳಬೇಡಿ.
ಒಲೆಗೆ ಸಗಣಿ ಹಾಕಿದೆ. ಮೊಳೆಯ ಫೋನು ನೋಡಿದೆ.
ಮತ್ತೆ ಒಲೆಗೆ.

ಮರುದಿನ ಹೊತ್ತು ಇಳಿದ ಮೇಲೆ
ನಾಯಿಗಿಂತ ಮೊದಲು ನನ್ನ ಕಿವಿಗೆ ಬಿತ್ತು ಆ ಕೆಮ್ಮು.
ಇಳಿಸಿಕೊಂಡೆ. ರೆಪ್ಪೆಗಳು ಒಂದಕ್ಕೊಂದು ಅಂಟಿ
ಅಂಗೈಯಿಂದ ಕರಗಿಸಬೇಕಾಯಿತು.
‘ಹೆಣ್ಣು’ ಅಂದಳು.
‘ತಾಯಿ?’
‘ಎದ್ದು ಚಹಾ ಕುಡಿದಳು.’
ಸ್ವಲ್ಪ ತಡೆದು, ‘ನಿನ್ನ ಸ್ವೆಟರು ಅಲ್ಲೇ ಬಿಟ್ಟೆ.
ಆ ಮೊಣಕೈ ತೂತಿನಿಂದ ಕೂಸು
ಮುಷ್ಟಿ ಹೊರಗೆ ಹಾಕಿಬಿಟ್ಟಿತು ನೋಡು,
ಮತ್ತೆ ಬಿಚ್ಚಲು ಮನಸ್ಸು ಬರಲಿಲ್ಲ.’

ನಲವತ್ತು ಕಿಲೋಮೀಟರು, ಒಂದು ಪದರ ಕಡಿಮೆ.
ಬಯ್ಯೋಣವೆಂದರೆ
ಗಂಟು ಬಿಚ್ಚುತ್ತಿಲ್ಲ.
ಅವಳ ಉಸಿರೇ ಇಳಿದು, ಕಲ್ಲಾಗಿ ಕೂತಿದೆ ರೇಷ್ಮೆಯೊಳಗೆ.
ಉಗುರು ಹಾಕಿದೆ, ಹಲ್ಲು ಹಾಕಿದೆ,
ನಾನೇ ಹಾಕಿದ ಗಂಟು ನನಗೇ ಜಗ್ಗದು.
ಒಲೆಯ ಬಳಿ ಕೂತೆವು, ಕರಗಲಿ ಅಂತ.
ದೇಲ್, ರಟ್ಟು, ತೋಳ, ಎಲ್ಲದರ ಸಮೇತ
ನನ್ನ ಭುಜಕ್ಕೆ ಒರಗಿತು ಮೂಟೆ;
ಪೆಟ್ರೋಲಿನ ವಾಸನೆ, ಮೇಲೆ ಯಾರದೋ ಮನೆಯ ಹಾಲಿನದು.
‘ಒಂದು ಕುಪ್ಪಿ ಉಳಿದಿದೆ, ಜೋಪಾನ’ ಅಂದಳು,
ಎದೆ ಮುಟ್ಟಿಕೊಂಡಳು, ನಿದ್ದೆಹೋದಳು.

ಹಸಿರು ರೇಷ್ಮೆಯಿಂದ ಮೊದಲ ಹನಿ
ಟಪ್ಪೆಂದು ನೆಲಕ್ಕೆ ಬಿದ್ದಾಗ
ಕಣ್ಣು ತೆರೆಯದೆಯೇ ಕೇಳಿದಳು:
ಬ್ಯಾಟರಿ ಒಳಗೆ ತಂದೆಯಾ?

ತಂದಿರಲಿಲ್ಲ.