ಹತ್ತೊಂಬತ್ತು ಇಂಚು

ಈ ಗೋಡೆಯ ಮೇಲಿನ ಎಲ್ಲ ಕೆಂಪೂ ರಕ್ತವಲ್ಲ.
ಬಾಗಿಲ ಪಕ್ಕದ್ದು ಎಲೆಅಡಿಕೆ, ವರ್ಷಗಳಷ್ಟು ಹಳೆಯದು.
ಅದಕ್ಕೆ ನಂಬರ್ ಅಂಟಿಸಬೇಡ ಎಂದೆ ನಿಂಗರಾಜನಿಗೆ.

ಆಟೋ ಕಾಂಪ್ಲೆಕ್ಸಿನ ಹಿಂದಿನ ಸಾಲು, ಪಂಚರ್ ಅಂಗಡಿ.
ಶಟರ್ ಅರ್ಧಕ್ಕೆ ಎಳೆದು ಒಳಗೆ ನಾವು ಮೂವರು,
ಹೊರಗೆ ಅರ್ಧ ಶಿವಮೊಗ್ಗದ ಕಾಲುಗಳು.

ಪಾಲುದಾರ ಕುಬೇರಪ್ಪನ ಹೇಳಿಕೆ ಒಂದೂವರೆ ಪುಟ, ಸಹಿ ಸಮೇತ:
"ಎದ್ದು ನಿಂತ, ಸ್ಪ್ಯಾನರ್ ಬೀಸಿದ, ಮೈಮೇಲೆ ಬಂದ.
ಕಿತ್ತುಕೊಂಡು ಹೊಡೆದೆ. ಒಂದೇ ಏಟು."
ಹಾಲೇಶಪ್ಪನ ಹೇಳಿಕೆ ಗೋಡೆಯಲ್ಲಿದೆ,
ಅದೂ ಚೂರು ಚೂರು.

ಹನಿ ಅಂದರೆ ದುಂಡಗೆ ಅಂದುಕೊಂಡಿದ್ದೆ, ಕೆಲಸಕ್ಕೆ ಸೇರುವ ಮೊದಲು.
ನೇರ ಬಿದ್ದರೆ ದುಂಡು. ಓರೆಯಾಗಿ ಬಡಿದರೆ ಹುಣಸೆಬೀಜ,
ಇನ್ನೂ ಓರೆಯಾದರೆ ಬತ್ತದ ಕಾಳು,
ತುದಿಗೊಂದು ಬಾಲ, ಹೊರಟ ದಿಕ್ಕಿಗೆ.
ಅಗಲವನ್ನು ಉದ್ದದಿಂದ ಭಾಗಿಸಿದರೆ ಕೋನದ ಸುಳಿವು.
ಪಿಯುಸಿಯಲ್ಲಿ ಬೈದುಕೊಂಡು ಬಾಯಿಪಾಠ ಮಾಡಿದ ಸೈನ್ ಟೇಬಲ್ಲು
ಇಲ್ಲಿ, ಗ್ರೀಸಿನ ವಾಸನೆಯಲ್ಲಿ, ಕೆಲಸಕ್ಕೆ ಬಂತು.

ಕಿಟ್ಟಿನ ದಾರ ಮುಗಿದಿತ್ತು. ಗಾಂಧಿ ಬಜಾರಿನಿಂದ
ಹೂ ಕಟ್ಟುವ ದಾರ ತರಿಸಿದೆ, ಎರಡು ಉಂಡೆ.
ಹನಿಗೊಂದು ಎಳೆ, ಒಟ್ಟು ಮೂವತ್ತೊಂದು.
ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಹೋಗಿ
ಒಂದು ಬೊಗಸೆಯಷ್ಟು ಗಾಳಿಯಲ್ಲಿ ಕೂಡಿದವು.
ಟೇಪ್ ಹಿಡಿದೆ. ನೆಲದಿಂದ ಹತ್ತೊಂಬತ್ತು ಇಂಚು.

ಎದ್ದು ನಿಂತವನ ತಲೆ ಅಲ್ಲಿರುವುದಿಲ್ಲ.

ಅಲ್ಲಿದ್ದದ್ದು ನೀರಿನ ಬೇಸನ್ನು,
ಅದರೊಳಗೆ ಅರ್ಧ ಮುಳುಗಿದ ಸ್ಕೂಟರ್ ಟ್ಯೂಬು.
ಕುಕ್ಕರಗಾಲಲ್ಲಿ ಕೂತು, ಬಗ್ಗಿ, ಹಿಸುಕುತ್ತ,
ಗುಳ್ಳೆ ಏಳುವುದನ್ನು ಕಾಯುತ್ತಿದ್ದ.

ಮೇಲೆ ತಗಡಿನಲ್ಲಿ ಎರಡು ಗೆರೆ, ಎತ್ತಿ ಬೀಸಿದ ಕೈಯವು.
ಎರಡು ಗೆರೆಗೆ ಮೂರು ಏಟು ಎಂದು ಬರೆದೆ.
ಮೊದಲ ಏಟಿಗೆ ಸ್ಪ್ಯಾನರಿಗೆ ರಕ್ತ ಹತ್ತಿರುವುದಿಲ್ಲ,
ಅದು ಲೆಕ್ಕದಲ್ಲಿ ಮಾತ್ರ ಸಿಗುತ್ತದೆ.
"ಕನಿಷ್ಠ" ಎಂದು ಸೇರಿಸಿದೆ. ವಕೀಲರು ಕೇಳುತ್ತಾರೆ.

ಸಂಜೆ ಶಟರ್ ಎತ್ತಿದರೆ ಒಂದು ಜೊತೆ ಕಾಲು ಇನ್ನೂ ಅಲ್ಲೇ.
ನಿನ್ನೆ ಗಾಡಿ ಬಿಟ್ಟು ಹೋದವನಂತೆ, ಪೇಪರ್ ಹಾಕುವ ಹುಡುಗ.
"ಮೇಡಂ, ನನ್ನ ಟ್ಯೂಬು?"
ಅದೀಗ ಮುದ್ದೇಮಾಲು ಕಣಪ್ಪ, ಐಟಂ ಏಳು.
"ಪಂಚರ್ ಸಿಕ್ಕಿತ್ತಾ?"

ಬೇಕಿಲ್ಲದ ಪ್ರಶ್ನೆ. ಆದರೂ ಕವರು ಬೆಳಕಿಗೆ ಹಿಡಿದೆ.
ತೂತಿನ ಗುರುತಿಗೆ ಚುಚ್ಚಿಟ್ಟ ಬೆಂಕಿಕಡ್ಡಿ, ಮೂಸಲು ನೆನೆದದ್ದು.
ಒಂದು ಸಿಕ್ಕಿತ್ತು.
ಇನ್ನೊಂದು ಇದೆಯಾ ಅಂತ ನೋಡುತ್ತಿದ್ದ.