ಸವೆತದ ಲೆಕ್ಕ

ಮೂಡಿಗೆರೆ ರಸ್ತೆಯ ತಗಡಿನ ಶೆಡ್ಡು. ಒಳಗೆ
ನೂರು ವರ್ಷದ ಕುರ್ಚಿಗೆ ಹನ್ನೊಂದು ದಿನ ಹಿಡಿಯುತ್ತದೆ,
ಬಿಸಿಲಿದ್ದರೆ ಒಂಬತ್ತು.

ಮರ ಸಿಲ್ವರ್ ಓಕು. ಬೀಟೆಯ ಬಣ್ಣ ಬರಲೆಂದು
ವಿನಿಗರಿನಲ್ಲಿ ತುಕ್ಕು ಮೊಳೆ ನೆನೆಹಾಕಿ ಬಳಿದು
ಮೇಲೆ ಕಾಫಿ ಚರಟ ತಿಕ್ಕುತ್ತೇವೆ.
ಹುಳು ಕೊರೆದ ತೂತು ಗಂಗಾಚಾರಿಯ ಪಾಲು.
ದಬ್ಬಳ ಹಿಡಿದು, ಬೀಡಿ ಕಚ್ಚಿಕೊಂಡು,
"ಹುಳ ಏನು ಸಾಲು ಹಿಡಿದು ನಡೆಯುತ್ತಾ?" ಎನ್ನುತ್ತ
ಅಲ್ಲೊಂದು, ಇಲ್ಲೆರಡು.

ಕಷ್ಟ ಇರುವುದು ಸವೆತದಲ್ಲಿ.
ಕುರ್ಚಿಯ ಕೈ ಎಲ್ಲಿ ಸವೆಯಬೇಕು, ಎಷ್ಟು?
ಅದಕ್ಕೆ ಮೊದಲು ಕೂತವನೊಬ್ಬ ಬೇಕು.
ಕೂರಿಸಿಕೊಳ್ಳುತ್ತೇನೆ:
ಎಡ ಸೊಂಟ ನೋವು, ಬಲಕ್ಕೆ ವಾಲುತ್ತಾನೆ,
ಪೇಪರು ಓದುತ್ತ ಉಂಗುರದಿಂದ ಮರ ಕುಟ್ಟುತ್ತಾನೆ.
ಅವನು ಕೂತಷ್ಟು ಹೊತ್ತು ನಾನು
ಉಪ್ಪುಕಾಗದ ಆಡಿಸುತ್ತೇನೆ.

ನಿನ್ನೆ ಬಂಗಲೆಯ ಪಾರಿಜಾತಮ್ಮ ಬಂದರು.
ಕುರ್ಚಿಯ ಕೈ ಸವರಿ, ಆ ತಗ್ಗಿನಲ್ಲಿ ಬೆರಳು ನಿಲ್ಲಿಸಿ
"ಅಯ್ಯೋ, ನಮ್ಮ ತಾತನದೇ" ಎಂದು
ಕಣ್ಣೊರೆಸಿಕೊಂಡರು.
ನಾನು ಬಿಲ್ಲಿನ ಪುಸ್ತಕ ಹುಡುಕುತ್ತ ನಿಂತೆ.

ಉಂಗುರ ನಾನು ಸೇರಿಸಿದ್ದು.
ವಾಲುವುದು ನನ್ನಪ್ಪನದು.
ಆ ಬಂಗಲೆಗಳ ಕುರ್ಚಿಗೆಲ್ಲ ಬೆತ್ತ ಹೆಣೆದವನು,
ನೆಲದಲ್ಲಿ, ಗೋಣಿತಾಟು ಹಾಸಿಕೊಂಡು.
ಬಿಗಿ ಬಂತೇ ಎಂದು ಅಂಗೈಯಲ್ಲಿ ಒತ್ತಿ ನೋಡುತ್ತಿದ್ದ,
ಕೂತು ಅಲ್ಲ.

ಇವತ್ತು ಗಾಡಿಗೆ ಏರಿಸುವ ಮುಂಚೆ
ಗಂಗಾಚಾರಿ ಕುರ್ಚಿ ಬೋರಲು ಹಾಕಿ ಕೇಳಿದ:
"ಅಡಿಗೆ ಏನಾದರೂ ಕೆತ್ತಲಾ?"
ಇಸವಿ ಹಾಕು ಸಾಕು, ಅಂದೆ.
"ಯಾವುದು?"

ಉಳಿ ಇಟ್ಟುಕೊಂಡೇ ಕೂತಿದ್ದಾನೆ.
ಹೊರಗೆ ಗಾಡಿಯವನು ಹಾರನ್ನು ಹೊಡೆಯುತ್ತಿದ್ದಾನೆ.