ಗುಂಯ್

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಹಿಂದೆ ತಗಡಿನ ಅಂಗಡಿ.
ವಾರ್ನಿಷ್ ವಾಸನೆಯ ಅಡಿಯಲ್ಲಿ
ಬೆಂದ ಹುಳದ ವಾಸನೆ.
ರಾಗಿ ಗಿರಣಿಯ ಮೋಟಾರನ್ನು ಜ್ವರದ ಮಗುವಿನಂತೆ
ಕಂಕುಳಲ್ಲಿ ಎತ್ತಿಕೊಂಡು ಹೋದೆ.
‘ತಿರುಗಲ್ಲ. ಗುಂಯ್ ಅನ್ನುತ್ತೆ, ಅಷ್ಟೇ.’

ಮುಬೀನಾ ಸ್ವಿಚ್ ಹಾಕಿ, ಕತ್ತು ವಾಲಿಸಿ ಕೇಳಿದಳು.
ಪುಲ್ಲಿಯನ್ನು ಬೆರಳಲ್ಲಿ ಬಲಕ್ಕೆ ಸವರಿದಳು:
ಬಲಕ್ಕೆ ಓಡಿತು.
ಆರಿಸಿ, ನಿಲ್ಲಲು ಬಿಟ್ಟು, ಎಡಕ್ಕೆ ಸವರಿದಳು:
ಎಡಕ್ಕೂ ಅಷ್ಟೇ ನಿಯತ್ತು.

‘ಸಿಂಗಲ್ ಫೇಸು ಸುತ್ತಲ್ಲ ಸಾರ್,
ಹೋಗುತ್ತೆ ಬರುತ್ತೆ, ಹೋಗುತ್ತೆ ಬರುತ್ತೆ,
ಗರಗಸದ ಥರ, ಸೆಕೆಂಡಿಗೆ ಐವತ್ತು ಸಲ.
ಒಳಗಿರೋ ಗುಂಡಿಗೆ ಯಾವ ಕಡೆ ಅಂತ ಹೇಳೋರಿಲ್ಲ,
ನಡುಗ್ತಾ ನಿಂತುಬಿಡುತ್ತೆ.
ಅದಕ್ಕೇ ಪಕ್ಕದಲ್ಲಿ ಸಣ್ಣ ಎಳೆಯದೊಂದು ಸುತ್ತು.
ಕಂಡೆನ್ಸರ್ ಹಿಡ್ಕೊಂಡು ಒಂದು ಹೆಜ್ಜೆ ಮುಂದೆ ಹೋಗಿ
ಈ ಕಡೆ ಬಾ ಅನ್ನುತ್ತೆ.
ಕರೆಯೋದೇ ಸುಟ್ಟೋಗಿದೆ.’

ಗೋಡೆಗೆ ಒರಗಿ ಕೂತಿದ್ದವು
ಸಂಪಿನ ಪಂಪು, ದೋಸೆಹಿಟ್ಟಿನ ಗ್ರೈಂಡರು,
ಯಾರದೋ ಮದುವೆಯಲ್ಲಿ ಬಂದ ಫ್ಯಾನು,
ಮೊದಲ ನೂಕಿಗೆ ಕಾಯುತ್ತ.

ಕರಿದ ತಂತಿ ಕಿತ್ತಳು. ತುಟಿಯಲ್ಲೇ ಎಣಿಸುತ್ತ
ಕೆಂಪು ತಾಮ್ರ ಇಳಿಸಿದಳು, ಸ್ಲಾಟಿನಿಂದ ಸ್ಲಾಟಿಗೆ.
ಬಿಸಿನೀರು ಕುಡಿದು ಬಿಳಚಿದ ಬೆರಳ ತುದಿಗಳು.
‘ಹದಿನೇಳು ವರ್ಷ ಗೂಡು ಬಿಚ್ಚಿದೆ ಸಾರ್,
ಈಗ ಸುತ್ತುತೀನಿ.’
ಮಧ್ಯೆ ಮಾತಾಡಿಸಿದ್ದಕ್ಕೆ ಎಣಿಕೆ ತಪ್ಪಿ
ಮತ್ತೆ ಒಂದರಿಂದ.

ಮಾರನೆ ದಿನ ಸ್ವಿಚ್ ಹಾಕಿದಳು.
ನಾನು ಅಭ್ಯಾಸಕ್ಕೆ ಬೆರಳು ಚಾಚಿದೆ;
ಆಗಲೇ ಹೊರಟುಹೋಗಿತ್ತು.

‘ಒಂಬೈನೂರು ಕೊಡಿ.
ಹಳೇ ತಾಮ್ರ ನಂಗಿರಲಿ.’